ನಾಲ್ಕನೇ ತಗಡು

ರಾಯಲ್ಪಾಡಿನಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಶ್ರೀನಿವಾಸಪುರದ ಬಸ್ಸಿನ ಡ್ರೈವರು. ಎಂಜಿನ್ನು ಗುರುಗುಡುತ್ತಿತ್ತು. "ತಗಡಿನ ಮೇಷ್ಟ್ರು ಹೋಗಿಬಿಟ್ರಂತೆ ಸ್ವಾಮಿ. ಜ್ವರವಂತೆ" ಎಂದು ಕಿಟಕಿಯಿಂದ ಕೂಗಿ ಹೇಳಿದ. ಯಾವಾಗ ಎಂದು ಕೇಳಿದೆ. ಗೊತ್ತಿಲ್ಲವೆಂದು ಕೈ ತಿರುಗಿಸಿ, ಗೇರು ಹಾಕಿ, ಹೊರಟುಹೋದ.

ಅವರ ಬಗ್ಗೆ ಬರೆದಿಡಬೇಕೆಂದು ಕೂತೆ. ಮೊದಲು ಬರೆದದ್ದು ಅವರ ಮೀಸೆಯನ್ನು: ದಪ್ಪ, ಎರಡು ಕಡೆಯೂ ಸಮವಾಗಿ ಕತ್ತರಿಸಿದ್ದು, ಅವರ ಅಕ್ಷರಗಳ ಹಾಗೆಯೇ. ಓದಿ ಹೇಳಿದಾಗ ನನ್ನ ಹೆಂಡತಿ, "ಅವರಿಗೆಲ್ಲಿತ್ತು ಮೀಸೆ?" ಎಂದಳು. ಯೋಚಿಸಿದರೆ ಅವಳು ಹೇಳಿದ್ದೇ ಸರಿ. ಅವರ ಅಕ್ಷರಕ್ಕೆ ಹೊಂದುವಂಥ ಮುಖವೊಂದನ್ನು ನನ್ನ ನೆನಪು ತಾನೇ ತಯಾರಿಸಿಕೊಂಡಿತ್ತು. ಆದ್ದರಿಂದ ಮುಖದ ವಿಷಯ ಬಿಡುತ್ತೇನೆ. ಅಕ್ಷರದ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಅವು ಇನ್ನೂ ರಸ್ತೆಯ ಮೇಲೆ ಓಡಾಡುತ್ತಿವೆ, ಬೇಕಾದವರು ಹೋಗಿ ನೋಡಬಹುದು.

ಆಗ ನಾನು ಕೋಲಾರದಲ್ಲಿ ಒಬ್ಬ ಸಾಹುಕಾರರ ಬಸ್ ಸರ್ವೀಸಿನಲ್ಲಿ ಟಿಕೆಟ್ ಗುಮಾಸ್ತನಾಗಿದ್ದೆ. ನಮ್ಮ ಷೆಡ್ಡಿನ ಗೋಡೆಗೆ ಒರಗಿದಂತೆ ಅವರ ಅಂಗಡಿ. ಬೋರ್ಡು ಬರೆಯುವುದು, ತಗಡು ಕತ್ತರಿಸುವುದು, ಮೂಟೆಗಳ ಮೇಲೆ ಮಸಿ ಒತ್ತುವ ಅಚ್ಚು ಕೊರೆಯುವುದು ಅವರ ಕೆಲಸ. ಅದಕ್ಕೂ ಮುಂಚೆ ಯಾವುದೋ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಆ ಕೆಲಸ ಬಿಟ್ಟ ಕಥೆಯನ್ನು ಅವರ ಬಾಯಲ್ಲೇ ಹಲವು ಸಲ ಕೇಳಿದ್ದೇನೆ, ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ. ಯಾರೋ ದೊಡ್ಡ ಅಧಿಕಾರಿ ಸ್ಕೂಲಿಗೆ ಬರುವವರಿದ್ದರು. ಸ್ವಾಗತದ ಕಮಾನಿನ ಮೇಲೆ ಹೂಬಳ್ಳಿ ಸುತ್ತಿದ ಅಕ್ಷರ ಬರೆಯಿರಿ ಎಂದು ಹೆಡ್ಮಾಸ್ಟರು ಹೇಳಿದರು. ಇವರು, "ಅಕ್ಷರಕ್ಕೆ ಬಳ್ಳಿ ಹಬ್ಬಿಸೋಕೆ ಇದೇನು ಹಾಗಲಕಾಯಿ ಚಪ್ಪರಾನಾ ಸಾರ್?" ಎಂದರಂತೆ. ಒಂದು ಸಲ ಹೇಳುವಾಗ ನಾನೇ ರಾಜೀನಾಮೆ ಕೊಟ್ಟೆ ಎನ್ನುತ್ತಿದ್ದರು, ಇನ್ನೊಂದು ಸಲ ಅವರು ತೆಗೆದುಹಾಕಿದರು ಎನ್ನುತ್ತಿದ್ದರು. ಹಾಗಲಕಾಯಿ ಮಾತ್ರ ಪ್ರತಿ ಸಲವೂ ಇರುತ್ತಿತ್ತು.

ಜಂಬದ ಮನುಷ್ಯ. ಊರಿನ ಯಾವ ಬೋರ್ಡನ್ನೂ ಸುಮ್ಮನೆ ದಾಟಿ ಹೋದವರಲ್ಲ. ಹೋಟೆಲಿನ ಮುಂದೆ ನಿಂತು, "ಏಮಯ್ಯಾ ಇದಿ? ಈ 'ಕಾ'ಗೆ ಭೇದಿಯಾಗಿದೆಯಾ, ಹೀಗೆ ಸೊರಗಿದೆ?" ಎಂದು ಮಾಲೀಕನ ಕಿವಿಗೆ ಬೀಳುವಂತೆ ಕೇಳುತ್ತಿದ್ದರು. ಹುಟ್ಟಿದ್ದು ಆಂಧ್ರದ ಅಂಚಿನ ರಾಯಲ್ಪಾಡಿನಲ್ಲಿ. ಬೈಗುಳ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು.

ಅವರ ಅಕ್ಷರಗಳ ಮೂಲ ಚಿನ್ನದ ಗಣಿಯಲ್ಲಿತ್ತು. ಒಮ್ಮೆ ಅಲ್ಲಿಗೆ ಹೋಗಿದ್ದಾಗ ದೊಡ್ಡ ಬಾಯ್ಲರಿನ ಮೇಲೆ, ಎತ್ತುವ ಯಂತ್ರಗಳ ಮೇಲೆ, ಕಬ್ಬಿಣದಲ್ಲೇ ಎರಕ ಹೊಯ್ದ ಇಂಗ್ಲಿಷ್ ಅಕ್ಷರ, ಅಂಕಿಗಳನ್ನು ನೋಡಿ ಬಂದಿದ್ದರು. ಎಲ್ಲವೂ ದಪ್ಪ, ಎಲ್ಲಕ್ಕೂ ಒಂದೇ ಅಗಲ. "ಅವರ ಅಕ್ಷರ ಕಬ್ಬಿಣದಲ್ಲಿ ಹುಟ್ಟಿದ ಹಾಗಿದೆ ಕಣಯ್ಯ. ನಮ್ಮದು ಇನ್ನೂ ಓಲೆಗರಿ ಮೇಲೆ ಮಲಗಿದೆ. ಎಬ್ಬಿಸ್ಬೇಕು" ಎಂದರು. ಎಬ್ಬಿಸಲು ಹೊರಟೇಬಿಟ್ಟರು.

ಅದಕ್ಕೊಂದು ಕಾರಣವೂ ಒದಗಿತು. ನಮ್ಮ ಬಸ್ಸುಗಳಿಗೆ ಆಗ ಊರಿಗೊಂದು ಮರದ ಹಲಗೆ ಇತ್ತು. ಇವತ್ತು ಮುಳಬಾಗಿಲಿಗೆ ಹೋದ ಬಸ್ಸು ನಾಳೆ ಶ್ರೀನಿವಾಸಪುರಕ್ಕೆ ಹೋಗಬೇಕಾದರೆ ಹಲಗೆ ಹುಡುಕಬೇಕು. ಅದು ಇನ್ನೊಂದು ಬಸ್ಸಿನ ಮೇಲೆ ಹೋಗಿರುತ್ತಿತ್ತು. ಮೇಷ್ಟ್ರು ಸಾಹುಕಾರರಿಗೆ ಹೇಳಿದರು: ಬಸ್ಸಿನ ಹಣೆಗೆ ಒಂದು ಮರದ ಚೌಕಟ್ಟು ಹೊಡೆಸಿ, ಅಕ್ಷರಕ್ಕೊಂದು ತಗಡು ಮಾಡಿಕೊಡುತ್ತೇನೆ, ಒಂದೇ ಅಳತೆಯವು. ಚೌಕಟ್ಟಿನ ಸೀಳಿನಲ್ಲಿ ಒಂದರ ಪಕ್ಕ ಒಂದು ತಳ್ಳಿದರಾಯಿತು, ಯಾವ ಊರು ಬೇಕಾದರೂ ಆಗುತ್ತದೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಕನ್ನಡದ 'ಮ' ಅಗಲ, 'ರ' ಕಿರಿದು. 'ಕೋ' ಅಂತೂ ಬಾಲದ ಮೇಲೆ ಬಾಲ ಬೆಳೆಸಿಕೊಂಡ ಪ್ರಾಣಿ. ಎಲ್ಲವನ್ನೂ ಗೇಣಗಲದ ಒಂದೇ ತಗಡಿನಲ್ಲಿ ಕೂರಿಸಬೇಕು. "'ಮ' ಹೊಟ್ಟೆ ಒಳಕ್ಕೆಳ್ಕೋಬೇಕು, 'ರ' ಕಾಲು ಚಾಚ್ಕೊಂಡು ಕೂತ್ಕೋಬೇಕು" ಎನ್ನುತ್ತಾ ಸುಣ್ಣದ ಕಡ್ಡಿಯಲ್ಲಿ ನಮ್ಮ ಷೆಡ್ಡಿನ ನೆಲದ ತುಂಬ ಬರೆದು ಬರೆದು ಒರೆಸಿದರು. ತಲಕಟ್ಟನ್ನು ಹಲಗೆಯ ಹಾಗೆ ಚಪ್ಪಟೆ ಮಾಡಿದರು. ಎಲ್ಲ ಗೆರೆಯೂ ಹೆಬ್ಬೆರಳ ದಪ್ಪ, ಎಲ್ಲಿಯೂ ಸಣ್ಣದಾಗುವಂತಿಲ್ಲ. ಕಪ್ಪು ನೆಲ, ಹಳದಿ ಅಕ್ಷರ.

"ಇದು ಅನ್ಯಾಯ ಅಲ್ವಾ ಮೇಷ್ಟ್ರೇ, ದಪ್ಪಗಿರೋರಿಗೂ ಅಷ್ಟೇ ಜಾಗ, ಸಣ್ಣಗಿರೋರಿಗೂ ಅಷ್ಟೇ ಜಾಗ?" ಎಂದು ಡ್ರೈವರು ಕೆಣಕಿದ. ಮೊದಲು ಹೇಳಿದೆನಲ್ಲ, ಅದೇ ಡ್ರೈವರು.

"ನಿನ್ನ ಬಸ್ಸಲ್ಲಿ ಸೀಟು ಎಲ್ಲರಿಗೂ ಒಂದೇ ಅಗಲ ತಾನೇ? ಅಮಲ್ದಾರರು ದಪ್ಪ ಅಂತ ಎರಡು ಸೀಟು ಕೊಡ್ತೀಯೇನ್ಲಾ?"

"ಕೊಡ್ತೀನಿ ಮೇಷ್ಟ್ರೇ."

"ಕೊಡ್ತೀಯ, ನಿನ್ನ ಬುದ್ಧಿ ಗೊತ್ತು ನಂಗೆ."

ಅವರನ್ನು ಬಹಳ ಕಾಡಿದ್ದು 'ಶ್ರೀ'. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು. ಬಸ್ಸಿಗೆಂದು ಒಂದನ್ನು ಮಾಡಿದರು, ಅದು ಅವರಿಗೆ ಹಿಡಿಸಲಿಲ್ಲ. ಮಾಡುತ್ತಲೇ ಹೋದರು. ಕೊನೆಗೊಂದು ದಿನ ಒಂದು ತಗಡು ತಂದು ನನ್ನ ಮೇಜಿನ ಮೇಲೆ ನಿಲ್ಲಿಸಿದರು. ಒತ್ತನ್ನು ಕೆಳಗೆ ಜೋತುಬಿಡದೆ ಅಕ್ಷರದ ಮಂಡಿಯ ಕೆಳಗೇ ಮಡಿಸಿ ಕೂರಿಸಿದ್ದರು. ಕಲ್ಲುಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಹಿರಿಯರ ಹಾಗಿತ್ತು ಅದು. ಬಸ್ಸಿಗೆ ಹಾಕಿ ಎಂದೆ. "ಇದು ಬಸ್ಸಿಗಲ್ಲ. ಇದು ಬೆಂಗಳೂರಿಗೆ" ಎಂದರು. ಅಚ್ಚುಮೊಳೆ ಎರಕ ಹೊಯ್ಯುವವರಿಗೆ ಅದನ್ನು ತೋರಿಸಿ, ತಮ್ಮ ಅಕ್ಷರಮಾಲೆಯನ್ನೆಲ್ಲ ಸೀಸದಲ್ಲಿ ಹೊಯ್ಯಿಸಬೇಕೆಂಬ ಆಸೆ ಅವರಿಗೆ. ಅಲ್ಲಿಯವರೆಗೆ ಅದು ಅಂಗಡಿಯ ಗೋಡೆಯ ಮೇಲೆ ತೂಗಾಡಿತು. ಬೆಳಿಗ್ಗೆ ಅವರ ಹೆಂಡತಿ ಬಂದು ಅಂಗಡಿ ಗುಡಿಸಿ, ಅದಕ್ಕೂ ಒಂದು ಹೂವು ಸಿಕ್ಕಿಸಿ ಹೋಗುತ್ತಿದ್ದರು.

ಮೇಷ್ಟ್ರ ಆ ದಪ್ಪ ಅಕ್ಷರಗಳು ಎಲ್ಲೆಲ್ಲಿಗೋ ಹೋದವು. ಮಾಲೂರಿನ ಹೆಂಚಿನ ಅಚ್ಚಿಗೆ, ಶ್ರೀನಿವಾಸಪುರದ ಮಾವಿನ ಪೆಟ್ಟಿಗೆಗೆ, ಕಂಬಳಿ ಮೂಟೆಗೆ, ಯುದ್ಧ ಬಂದ ಮೇಲೆ ರೇಷನ್ ಅಂಗಡಿಯ ಬಾಗಿಲಿಗೆ. ಆದರೆ ಅವರಿಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಬೇರೆ. ಒಂದು ದಿನ ಸೊಪ್ಪು ಮಾರುವ ಹೆಂಗಸೊಬ್ಬಳು ಬಸ್ಸಿಳಿದು, "ಐದು ತಗಡಿನ ಬಸ್ಸು ಹೊರಟೋಯ್ತಾ ಅಣ್ಣಾ?" ಎಂದು ನನ್ನನ್ನು ಕೇಳಿದಳು. ನನಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಮೇಷ್ಟ್ರಿಗೆ ಆಯಿತು. ಮು, ಳ, ಬಾ, ಗಿ, ಲು: ಐದು ತಗಡು. ಶ್ರೀನಿವಾಸಪುರ ಆರು. ಕೋಲಾರ ಮೂರು. ಓದು ಬಾರದವರು ದೂರದಿಂದಲೇ ತಗಡು ಎಣಿಸಿ ಬಸ್ಸು ಗುರುತು ಹಿಡಿಯುತ್ತಿದ್ದರು. ತಗಡುಗಳೆಲ್ಲ ಒಂದೇ ಅಗಲವಾಗಿದ್ದರಿಂದ ಎಣಿಕೆ ತಪ್ಪುವಂತಿರಲಿಲ್ಲ.

ಮೇಷ್ಟ್ರು ಆ ಹೆಂಗಸಿಗೆ ಕಾಫಿ ಕೊಡಿಸಿದರು. ಅವಳು ಗಾಬರಿಯಾಗಿ ಕುಡಿದು ಹೋದಳು. ಆಮೇಲೆ ಸಿಕ್ಕವರಿಗೆಲ್ಲ ಅದೇ ಮಾತು. "ನಾನು ಓದೋರಿಗೆ ಅಂತ ಮಾಡ್ದೆ ಕಣಯ್ಯ, ಓದು ಬಾರದೋರು ಅದನ್ನ ತಗೊಂಡ್ರು!" ಮಗಳನ್ನು ಬೆಂಗಳೂರಿನಿಂದ ಕೋಲಾರಕ್ಕೆ ಬರುವ ರಸ್ತೆಯಲ್ಲಿ, ನರಸಾಪುರಕ್ಕೆ ಮುಂಚೆ ಸಿಗುವ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯ ಮನೆಯಲ್ಲಿ, ನನಗೆ ಓದು ಬರೋಲ್ಲ ಎಂದು ಸಂಕೋಚಪಟ್ಟ ಬೀಗಿತ್ತಿಗೆ ಇವರೇ ಎಲೆಯ ಮೇಲೆ ಮೂರು ಬೆರಳಿಟ್ಟು ತೋರಿಸಿ, "ಯಾಕಮ್ಮ ಬರೋಲ್ಲ? ಮೂರು ತಗಡು ಕಂಡ್ರೆ ಹತ್ತಿಬಿಡಿ, ಸೊಸೆ ತವರುಮನೆ ಬಾಗಿಲಿಗೆ ಬಂದಿಳೀತೀರಿ" ಎಂದಿದ್ದರು. ಆ ಮಾತಿಗೆ ಪಂಕ್ತಿಯೆಲ್ಲ ನಕ್ಕಿತು. ನಾನೂ ಅಲ್ಲಿ ಕೂತಿದ್ದೆ.

ಅವರು ಹೇಳಿದ್ದು ಆಗ ನಿಜವೇ ಆಗಿತ್ತು. ಆ ರಸ್ತೆಯಲ್ಲಿ ಮೂರು ತಗಡಿನ ಬಸ್ಸು ಒಂದೇ ಒಂದು.

ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾಯಿತು. ಬಸ್ಸುಗಳ ಬೆನ್ನಿಗೆ ಇದ್ದಿಲಿನ ಗ್ಯಾಸ್ ಡಬ್ಬ ಬಂತು. ಸರ್ವೀಸುಗಳು ಒಂದರೊಳಗೊಂದು ಸೇರಿಕೊಂಡವು. ನಮ್ಮ ಸಾಹುಕಾರರಿಗೆ ಹೊಸದೊಂದು ದಾರಿ ಸಿಕ್ಕಿತು: ಬೆಂಗಳೂರಿನ ಕಡೆಯಿಂದ ಅದೇ ದೊಡ್ಡ ರಸ್ತೆಯಲ್ಲಿ ಬಂದು, ನರಸಾಪುರದಲ್ಲಿ ತಿರುಗಿ, ಮಾಲೂರಿಗೆ ಹೋಗುವ ಬಸ್ಸು. ಮೇಷ್ಟ್ರು ಅದಕ್ಕೆ ತಗಡು ಮಾಡಿದರು. ಮಾ, ಲೂ, ರು.

ಇಲ್ಲಿ ನಾನು ನಿಲ್ಲಬೇಕಾಗಿದೆ. ಒಂದು ಮಾತು ನನಗೆ ಚೆನ್ನಾಗಿ ನೆನಪಿದೆ. ಡ್ರೈವರು ನಗುತ್ತಾ, "ಮಾಲೂರೂ ಮೂರೇ ಆಯ್ತಲ್ಲ ಮೇಷ್ಟ್ರೇ, ಸೊಪ್ಪಿನವಳು ಏನ್ಮಾಡ್ತಾಳೆ?" ಎನ್ನುತ್ತಾನೆ. ಮೇಷ್ಟ್ರು ಕುಂಚ ಹಿಡಿದು ಕೂತಿದ್ದಾರೆ. ಆ ಮಾತು ಹೇಳಿದ್ದು ಯಾವಾಗ? ಮಾಲೂರಿನ ತಗಡು ಒಣಗುತ್ತಿದ್ದಾಗಲೋ, ಅಥವಾ ಎಲ್ಲ ಮುಗಿದ ಮೇಲೆ, ತಡೆಯಲಾರದೆ ಯಾರದೋ ಬಾಯಿಂದ ಬಂದದ್ದೋ? ಒಂದು ನೆನಪಿನಲ್ಲಿ ಅವರ ಬೆರಳ ತುದಿಯಲ್ಲಿ ಹಸಿ ಹಳದಿ ಬಣ್ಣವಿದೆ, ಅವರೂ ನಗುತ್ತಾರೆ. ಇನ್ನೊಂದರಲ್ಲಿ ಬಣ್ಣ ಕಪ್ಪು, ಅವರು ತಲೆ ಎತ್ತುವುದಿಲ್ಲ. ಎರಡೂ ಅಷ್ಟೇ ಸ್ಪಷ್ಟವಾಗಿವೆ. ಮೊದಲನೆಯದು ನಿಜವಾದರೆ ಅವರಿಗೆ ಎಚ್ಚರಿಕೆ ಸಿಕ್ಕಿತ್ತು, ಅವರು ಅದನ್ನು ನಕ್ಕು ಬಿಟ್ಟರು. ಎರಡನೆಯದಾದರೆ ಅದು ಬರೀ ಕ್ರೂರ ಮಾತು. ಮೀಸೆಯ ವಿಷಯ ಹೆಂಡತಿಯನ್ನು ಕೇಳಬಹುದಿತ್ತು. ಇದನ್ನು ಕೇಳಲು ಡ್ರೈವರೊಬ್ಬನೇ ಇದ್ದಾನೆ.

ಈಚೆಗೆ ಅವನನ್ನೇ ಕೇಳಿದೆ. ಬೀಡಿ ಆರಿಸಿ ಹೇಳಿದ: "ನಾನೇ ಅಂದಿದ್ದು ಅಂತ ಎಲ್ರೂ ಅಂತಾರೆ ಸ್ವಾಮಿ. ಯಾವಾಗ ಅಂತ ನಂಗೂ ನೆನಪಿಲ್ಲ. ಆಮೇಲೆ ಅಂದಿದ್ದು ಅಂತ ಅಂದ್ಕೊಂಡು ಮಲಗ್ತೀನಿ."

ನಡೆದದ್ದು ಇಷ್ಟು. ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ದಿನ ಗೊತ್ತಾಗಿತ್ತು. ಅದಕ್ಕೆ ಮುಂಚೆಯೇ ಒಂದು ಬೆಳಿಗ್ಗೆ ಅವಳಿಗೆ ನೋವು ಬಂತು. ಅಳಿಯ ಊರಲ್ಲಿರಲಿಲ್ಲ. ಊರಿನ ಸೂಲಗಿತ್ತಿ ಮುಟ್ಟಿ ನೋಡಿ, ಕೂಸು ಅಡ್ಡಲಾಗಿದೆ, ಕೋಲಾರದ ಆಸ್ಪತ್ರೆಗೆ ಹೋಗಿ ಎಂದಳು. ಬೀಗಿತ್ತಿ ಸೊಸೆಯನ್ನು ಕರೆದುಕೊಂಡು ರಸ್ತೆಗೆ ಬಂದು ನಿಂತರು. ಧೂಳಿನಲ್ಲಿ ಬಸ್ಸು ಬಂತು. ಅವರು ಎಣಿಸಿದರು. ಮೂರು. ಕೈ ಅಡ್ಡ ಹಿಡಿದರು, ಹತ್ತಿದರು.

ಕಂಡಕ್ಟರು ಎಲ್ಲಿಗಮ್ಮ ಎಂದಾಗ, "ಆಸ್ಪತ್ರೆಗೆ ಕಣಪ್ಪ, ಬೇಗ ಓಡ್ಸು" ಎಂದರಂತೆ. ಮಾಲೂರಿನಲ್ಲೂ ಔಷಧಿ ಕೊಡುವ ಜಾಗವಿತ್ತು. ಅಲ್ಲಿಗೇ ಇರಬೇಕೆಂದುಕೊಂಡು ಅವನು ಚೀಟಿ ಹರಿದುಕೊಟ್ಟ. ನರಸಾಪುರದಲ್ಲಿ ಬಸ್ಸು ತಿರುಗಿದ್ದು ಹಿಂದೆ ಕೂತವರಿಗೆ ತಿಳಿಯಲಿಲ್ಲ. ಮಗಳಿಗೆ ಓದು ಬರುತ್ತಿತ್ತು. ಅಪ್ಪನ ಅಂಗಡಿಯ ನೆಲದ ಮೇಲೆ ಅಕ್ಷರ ಕಲಿತವಳು. ಆದರೆ ಹತ್ತುವಾಗ ಅವಳು ಸೆರಗು ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಇಳಿದ ಮೇಲೆ, ಹೆಂಚಿನ ಕಾರ್ಖಾನೆಯ ಹೊಗೆಯ ನಡುವೆ, ಅತ್ತೆಯ ಭುಜ ಹಿಡಿದು ತಲೆಯೆತ್ತಿ ಬಸ್ಸಿನ ಹಣೆ ನೋಡಿದಳು.

"ಅತ್ತೆ, ಇದು ಮಾಲೂರು" ಎಂದಳಂತೆ.

ಔಷಧಿ ಕೊಡುವವರು, ಇದು ಇಲ್ಲಿ ಆಗುವುದಲ್ಲ, ಕೋಲಾರಕ್ಕೇ ಕರೆದುಕೊಂಡು ಹೋಗಿ ಎಂದರು. ವಾಪಸು ಬಸ್ಸು ಮಧ್ಯಾಹ್ನದ ಮೇಲೆ. ಯಾರೋ ಹೆಂಚಿನ ಗಾಡಿಯೊಂದನ್ನು ಖಾಲಿ ಮಾಡಿ, ಹುಲ್ಲು ಹಾಸಿ, ಎತ್ತು ಕಟ್ಟಿಕೊಟ್ಟರು. ಗಾಡಿ ನರಸಾಪುರ ತಲುಪುವ ಮುಂಚೆ ಅವಳು ಹೋದಳು. ಕೂಸೂ ಅವಳ ಜೊತೆಗೇ ಹೋಯಿತು.

ಮೇಷ್ಟ್ರ ಮನೆಯ ಮುಂದೆ ಜನ ಸೇರಿದಾಗ ನಾನು ಬೇಲಿಯ ಪಕ್ಕ ನಿಂತಿದ್ದೆ. ಬೀಗಿತ್ತಿ ಅಂಗಳದಲ್ಲಿ ಕೂತಿದ್ದರು. ಯಾರೂ ಅವರ ಹತ್ತಿರ ಹೋಗುತ್ತಿರಲಿಲ್ಲ. ಮೇಷ್ಟ್ರು ಒಳಗಿನಿಂದ ಬಂದು ಅವರ ಎದುರು ಕುಕ್ಕರುಗಾಲಲ್ಲಿ ಕೂತರು. ಆಕೆ ಬಲಗೈಯ ಮೂರು ಬೆರಳು ಎತ್ತಿ ಹಿಡಿದು, "ಮೂರೇ ಇತ್ತು ಬೀಗ್ರೇ. ಸರಿಯಾಗೇ ಎಣಿಸ್ದೆ. ಎರಡ್ ಸಲ ಎಣಿಸ್ದೆ" ಎಂದರು.

ಮೇಷ್ಟ್ರು ಆ ಬೆರಳುಗಳನ್ನು ತಮ್ಮ ಕೈಯಿಂದ ಮೆಲ್ಲಗೆ ಮಡಿಸಿದರು. "ಹೌದಮ್ಮ. ನೀವು ಸರಿಯಾಗೇ ಎಣಿಸಿದ್ರಿ."

ಇದು ಮಾತ್ರ ನಾನು ಕಟ್ಟಿದ್ದಲ್ಲ. ಇದನ್ನು ಕಟ್ಟುವಷ್ಟು ಧೈರ್ಯ ನನಗಿಲ್ಲ.

ತಿಥಿ ಮುಗಿದ ಮೇಲೆ ಅವರು ಷೆಡ್ಡಿಗೆ ಬಂದು, ಮಾಲೂರಿನ ಬಸ್ಸಿಗೆ ನಾಲ್ಕನೇ ತಗಡು ಹಾಕಬೇಕೆಂದು ಸಾಹುಕಾರರಿಗೆ ಹೇಳಿದರು. ಅದರ ಮೇಲೆ ಏನು ಬರೆಯುತ್ತೀರಿ ಎಂದು ಸಾಹುಕಾರರು ಕೇಳಿದರು. ಏನೂ ಇಲ್ಲ ಎಂದರು ಮೇಷ್ಟ್ರು.

"ಖಾಲಿ ತಗಡು ಹಾಕಿದ್ರೆ ಜನ ಒಂದಕ್ಷರ ಬಿದ್ದೋಗಿದೆ ಅಂತಾರೆ, ಮೇಷ್ಟ್ರೇ."

"ಅನ್ಲಿ."

"ಬೇರೆ ಬಣ್ಣ ಬಳಿದ್ರೆ ಆಗಲ್ವಾ?"

"ಧೂಳಲ್ಲಿ, ಮುಸ್ಸಂಜೇಲಿ ಬಣ್ಣ ಕಾಣಲ್ಲ. ಎಣಿಕೆ ಕಾಣುತ್ತೆ. ಎಣಿಸೋದು ಕಲಿಸಿಬಿಟ್ಟಿದೀನಿ. ಇನ್ನು ಮರೆಸೋಕಾಗಲ್ಲ."

ಸಾಹುಕಾರರು ಕೆಟ್ಟವರೇನಲ್ಲ. ಆದರೆ ಯುದ್ಧದ ಕಾಲ, ತಗಡು ಎಲ್ಲಿಯೂ ಸಿಗುತ್ತಿರಲಿಲ್ಲ. ಎಣ್ಣೆ ಡಬ್ಬ ಬಿಚ್ಚಿ ಬಡಿದರೂ ಆ ಅಳತೆಗೆ ಬರುತ್ತಿರಲಿಲ್ಲ. ಇನ್ನೊಂದು ತಿಂಗಳು ತಡೆಯಿರಿ ಎಂದರು. ಮೇಷ್ಟ್ರು ತಲೆಯಾಡಿಸಿ ಅಂಗಡಿಗೆ ಹೋದರು.

ಸ್ವಲ್ಪ ಹೊತ್ತಿಗೆ ಅವರ ಹೆಂಡತಿಯ ದನಿ ಕೇಳಿಸಿತು. ಮಗಳು ಹೋದಮೇಲೆ ಆಕೆಯ ದನಿಯನ್ನು ನಾನು ಕೇಳಿರಲಿಲ್ಲ. "ಅದನ್ನಾ? ಶ್ರೀಕಾರಕ್ಕೆ ಕಪ್ಪು ಬಳೀತೀರಾ?"

ನಾನು ಗೋಡೆಯಂಚಿನಿಂದ ಇಣುಕಿದೆ. ಗೋಡೆಯ ಮೇಲಿದ್ದ ತಗಡು ಕೆಳಗಿಳಿದಿತ್ತು. ಮೇಷ್ಟ್ರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ಅವಸರವೂ ಇಲ್ಲದೆ, ಮೇಲಿನ ಗುಡಿಸಿನಿಂದ ಶುರುಮಾಡಿ ಕಪ್ಪು ಬಳಿಯುತ್ತಿದ್ದರು. ಗುಡಿಸು ಹೋಯಿತು. ದೀರ್ಘ ಹೋಯಿತು. ಮಂಡಿಯ ಕೆಳಗೆ ಮಡಿಸಿ ಕೂರಿಸಿದ್ದ ಒತ್ತಿನ ಹತ್ತಿರ ಬಂದಾಗ ಕುಂಚ ಸ್ವಲ್ಪ ಹೊತ್ತು ನಿಂತಿತು. ಹೆಂಡತಿ ಬಂದು ಪಕ್ಕದಲ್ಲಿ ಕೂತು, ಬಣ್ಣದ ಡಬ್ಬವನ್ನು ಅವರ ಕೈಗೆಟುಕುವಂತೆ ಹಿಡಿದುಕೊಂಡರು. ಒತ್ತೂ ಹೋಯಿತು.

ತಗಡು ಒಣಗುವವರೆಗೂ ಅವರಿಬ್ಬರೂ ಹಾಗೇ ಕೂತಿದ್ದರು. ಮರುದಿನ ಅವರೇ ಏಣಿ ಹಾಕಿ ಹತ್ತಿ ಮಾಲೂರಿನ ಬಸ್ಸಿನ ಚೌಕಟ್ಟಿಗೆ ಅದನ್ನು ತಳ್ಳಿದರು. ಆಮೇಲೆ ಎಷ್ಟೋ ದಿನ ಬೆಳಗಿನ ಬಸ್ಸಿನಲ್ಲಿ ಆ ರಸ್ತೆಗೆ ಹೋಗಿ, ಒಂದೊಂದು ಹಳ್ಳಿಯ ಮರದ ಕೆಳಗೂ ಇಳಿದು, ಕಾಯುತ್ತಿದ್ದವರಿಗೆ ಬೆರಳೆತ್ತಿ ತೋರಿಸಿ ಬರುತ್ತಿದ್ದರು. ಮೂರು ಕೋಲಾರ. ನಾಲ್ಕು ಮಾಲೂರು. ಮಗಳ ಊರಿನಲ್ಲೂ ಇಳಿಯುತ್ತಿದ್ದರೇ? ನನಗೆ ಗೊತ್ತಿಲ್ಲ. ಇಳಿಯುತ್ತಿದ್ದರೆಂದು ಬರೆದರೆ ಚೆನ್ನಾಗಿರುತ್ತದೆ ಎಂಬುದಷ್ಟೇ ನನಗೆ ಗೊತ್ತು.

ಕೆಲಸ ಬಿಡಲಿಲ್ಲ. ಹೇಳಿದ್ದನ್ನು ಬರೆದುಕೊಟ್ಟರು. ಹೂಬಳ್ಳಿ ಬೇಕೆಂದವರಿಗೆ ಹೂಬಳ್ಳಿಯನ್ನೂ. ಹೋಟೆಲಿನ ಬೋರ್ಡಿನ ಮುಂದೆ ನಿಲ್ಲುವುದನ್ನು ಬಿಟ್ಟರು. ಒಮ್ಮೆ ಆ ಮಾಲೀಕನೇ ಕರೆದು, "ಏನ್ ಮೇಷ್ಟ್ರೇ, ನಮ್ಮ 'ಕಾ' ವಾಸಿ ಆಯ್ತಾ?" ಎಂದು ಮಾತಾಡಿಸಲು ನೋಡಿದ. ಅವರು ಬೋರ್ಡಿನ ಕಡೆ ನೋಡಿ, "ಇರ್ಲಿ ಬಿಡಪ್ಪ. ಅದರ ಪಾಡಿಗೆ ಅದಿದೆ" ಎಂದು ನಡೆದರು. ಬೆಂಗಳೂರಿನ ಮಾತು ಮತ್ತೆ ಎತ್ತಲಿಲ್ಲ. ಯುದ್ಧ ಮುಗಿದ ವರ್ಷವೋ ಅದರ ಮುಂದಿನ ವರ್ಷವೋ ಅಂಗಡಿ ಮುಚ್ಚಿ, ಗಂಡ ಹೆಂಡತಿ ಇಬ್ಬರೂ ಆರು ತಗಡಿನ ಬಸ್ಸು ಹತ್ತಿ ರಾಯಲ್ಪಾಡಿನ ಕಡೆ ಹೋದರು.

ಸಾವಿನ ಸುದ್ದಿ ಕೇಳಿದ ಮೇಲೆ ಒಂದು ದಿನ ನನಗೆ ಮಾಲೂರಿಗೆ ಹೋಗುವುದಿತ್ತು. ಬೆಂಗಳೂರಿನಿಂದ ಬರುತ್ತಿದ್ದವನು ದಾರಿಯಲ್ಲಿ ಅದೇ ಬಸ್ಸು ಹತ್ತಿದೆ. ನರಸಾಪುರಕ್ಕೆ ಮುಂಚಿನ ಒಂದು ಹಳ್ಳಿಯಲ್ಲಿ ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದರು. ಕೆಳಗಿಳಿದು ಬಸ್ಸಿನ ಮುಂದೆ ಬಂದೆ. ಮಧ್ಯಾಹ್ನದ ಬಿಸಿಲು ಓರೆಯಾಗಿ ಚೌಕಟ್ಟಿನ ಮೇಲೆ ಬೀಳುತ್ತಿತ್ತು. ಮಾ, ಲೂ, ರು, ಆಮೇಲೆ ಕಪ್ಪು. ಹಳೆಯ ಬಣ್ಣದ ದಪ್ಪ ಕಪ್ಪಿನ ಅಡಿಯಲ್ಲಿ ಉಬ್ಬಿಕೊಂಡಿತ್ತು. ಗೊತ್ತಿದ್ದವರಿಗೆ ಗುಡಿಸಿನ ಅಂಚು ಕಾಣುವಂತಿತ್ತು.

ಮರದ ನೆರಳಿನಿಂದ ಒಬ್ಬ ಮುದುಕಿ ಗಂಟು ಹೊತ್ತುಕೊಂಡು ಓಡೋಡಿ ಬಂದಳು. ಜೊತೆಯಲ್ಲಿ ಬಸುರಿ ಹೆಂಗಸೊಬ್ಬಳಿದ್ದಳು. ಮುದುಕಿ ಮೇಷ್ಟ್ರ ಬೀಗಿತ್ತಿಯಲ್ಲ. ಆಗಿದ್ದರೆ ಈ ಬರಹಕ್ಕೆ ಒಪ್ಪುತ್ತಿತ್ತು, ಆದರೆ ಅಲ್ಲ. ನಾನು ಕಂಡಿರದ ಯಾರೋ. ಬಾಗಿಲ ಕಂಬಿಗೆ ಕೈ ಹಾಕುವ ಮುಂಚೆ ಅವಳು ನಿಂತಳು. ಹಿಂದಕ್ಕೆ ಸರಿದು, ಹಣೆಗೆ ಕೈ ಅಡ್ಡ ಹಿಡಿದು, ಇನ್ನೊಂದು ಕೈಯ ಬೆರಳನ್ನು ಒಂದೊಂದು ತಗಡಿನ ಕಡೆಗೂ ತೋರಿಸುತ್ತಾ ಎಣಿಸಿದಳು. ಕೊನೆಯ ಕಪ್ಪು ತಗಡಿನ ಮೇಲೆ ಬೆರಳು ನಿಂತಿತು.

"ನಾಲ್ಕು" ಎಂದಳು. "ಇದಲ್ಲ ಕಣೇ, ಬಾ."

ಇಬ್ಬರೂ ನೆರಳಿಗೆ ಹೋಗಿ ಕೂತರು.